ಬರಿಗೈಯಲ್ಲಿ ಎತ್ತಿದ ಟಗರು

ಟಗರಿಗೆ ಗುಂಡು ತಾಗಿದರೆ ಸಾಲದು, ಟಗರು ಬೀಳಬೇಕು. ನಮ್ಮ ಆಟದ ನಿಯಮ ಅಷ್ಟೇ. ಐವತ್ತು ಮೀಟರಿನಲ್ಲಿ ಕೋಳಿ, ನೂರರಲ್ಲಿ ಹಂದಿ, ನೂರೈವತ್ತರಲ್ಲಿ ಟರ್ಕಿ ಕೋಳಿ, ಇನ್ನೂರರಲ್ಲಿ ಟಗರು. ಎಲ್ಲವನ್ನೂ ದಪ್ಪ ಉಕ್ಕಿನ ಹಲಗೆಯಲ್ಲಿ ಕತ್ತರಿಸಿ, ಹಳಿಯ ತುಂಡಿನ ಮೇಲೆ ಸಾಲಾಗಿ ನಿಲ್ಲಿಸಿರುತ್ತೇವೆ. ಮೊದಲ ಮೂರಕ್ಕೆ ಗುರಿ ಸಾಕು. ಟಗರು ಇಪ್ಪತ್ತೈದು ಕಿಲೋ ತೂಗುತ್ತದೆ. ಅದರ ಕಾಲ ಬಳಿ ಹೊಡೆದರೆ ಗಂಟೆಯಂತೆ ಮೊಳಗಿ ನಿಂತಲ್ಲೇ ನಿಲ್ಲುತ್ತದೆ. ಹಾಗೆ ನಿಂತದ್ದು ಲೆಕ್ಕಕ್ಕಿಲ್ಲ.

೧೯೮೨ರ ಮಾರ್ಚ್‌ನಲ್ಲಿ ನನ್ನ ಭಾವ ನಸಾರಿಯೊ ಬ್ರಾಕಮೊಂತೆಯವರಿಗೆ ಮೂರು ಟಗರುಗಳು ಹಾಗೆ ನಿಂತವು. ನಾನು ಅವರ ಪಕ್ಕದಲ್ಲಿ ದುರ್ಬೀನು ಹಿಡಿದು ಕೂತಿದ್ದೆ. ನಮ್ಮಲ್ಲಿ ಯಾರೂ ಒಂಟಿಯಾಗಿ ಹೊಡೆಯುವುದಿಲ್ಲ. ಹೊಡೆಯುವವನ ಪಕ್ಕದಲ್ಲಿ ನೋಡಿ ಹೇಳುವವನೊಬ್ಬ ಇರುತ್ತಾನೆ. ಏಳು ವರ್ಷದಿಂದ ಭಾವನಿಗೆ ನೋಡಿ ಹೇಳುವವನು ನಾನು.

"ಎಲ್ಲಿ ಬಿತ್ತು?"

"ಹೊಟ್ಟೆ ಕೆಳಗೆ ಭಾವ, ಮುಂಗಾಲ ಹತ್ರ. ಅಡ್ಡಕ್ಕೆ ಸರಿಯಾಗಿದೆ."

"ಟಗರು ಬಿತ್ತಾ?"

"ಇಲ್ಲ."

"ಮತ್ತೆ ಸರಿಯಾಗಿದೆ ಅಂತ ಯಾಕೋ ಸಮಾಧಾನ ಮಾಡ್ತೀಯ, ತಕ್ಕಡಿ?"

ನನ್ನ ಹೆಸರು ಎವೇಲಿಯೊ. ತಕ್ಕಡಿ ಎನ್ನುವುದು ಭಾವ ಇಟ್ಟ ಹೆಸರು. ಟೂಸಾನ್ ನಗರದಲ್ಲಿ ರಸಾಯನಶಾಸ್ತ್ರ ಓದಿ ಬಂದು, ಊರಿನ ತಾಮ್ರ ಕರಗಿಸುವ ಕಾರ್ಖಾನೆಯಲ್ಲಿ ನಾನು ಅದಿರು ಪರೀಕ್ಷಕನಾಗಿದ್ದೆ. ದಿನವಿಡೀ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ಸಾಸಿವೆಗಿಂತ ಸಣ್ಣ ಲೋಹದ ಮಣಿಗಳನ್ನು ತೂಗುವುದು ನನ್ನ ಕೆಲಸ. ಸಂಜೆ ಅದೇ ಕೈಯಿಂದ ಭಾವನಿಗೆ ಮದ್ದು ತೂಗಿ ತೋಟಾ ತುಂಬುತ್ತಿದ್ದೆ.

ಭಾವನ ಕೆಲಸ ನೆಲದಿಂದ ಹದಿನೈದು ಮೀಟರ್ ಮೇಲೆ. ಕರಗಿದ ತಾಮ್ರ ತುಂಬಿದ ಕೊಪ್ಪರಿಗೆಯನ್ನು ಕುಲುಮೆಯಿಂದ ಕುಲುಮೆಗೆ ಒಯ್ಯುವ ಕ್ರೇನನ್ನು ಅವರು ಇಪ್ಪತ್ತೊಂಬತ್ತು ವರ್ಷದಿಂದ ನಡೆಸುತ್ತಿದ್ದರು. ಎಪ್ಪತ್ತೊಂದರಲ್ಲಿ ಒಂದು ಕೊಪ್ಪರಿಗೆಯ ಕೊಂಡಿ ಅರ್ಧ ಕಳಚಿತ್ತು. ಕೆಳಗೆ ಆರು ಜನ ಸಿಕ್ಕಿಬಿದ್ದಿದ್ದರು. ಹನ್ನೊಂದು ನಿಮಿಷ ಭಾವ ಅದನ್ನು ಅಲುಗಾಡದಂತೆ ಹಿಡಿದು ನಿಲ್ಲಿಸಿದರು. ಆರೂ ಜನ ತೆವಳಿಕೊಂಡು ಈಚೆ ಬಂದ ಮೇಲೆ ಕೊಪ್ಪರಿಗೆಯನ್ನು ಹಳ್ಳಕ್ಕೆ ಸುರಿದು, ಕೆಳಗಿಳಿದು, ವಾಂತಿ ಮಾಡಿಕೊಂಡರಂತೆ. ಆ ಆರು ಜನ ಸೇರಿ ಅವರಿಗೊಂದು ರಿವಾಲ್ವರ್ ಕೊಟ್ಟರು. ನಲವತ್ತನಾಲ್ಕರ ಮ್ಯಾಗ್ನಮ್, ಉದ್ದ ನಳಿಗೆಯದು. ಹಿಡಿಯ ಮೆಸ್ಕೀಟೆ ಮರದ ಮೇಲೆ ಆರು ಹೆಸರು ಕೆತ್ತಿಸಿದ್ದರು. ಎರಡನೆಯ ಹೆಸರು ದೆಲ್ಫೀನೊನದು. ಆತ ಈಗ ಕುಲುಮೆ ವಿಭಾಗದ ಮೇಸ್ತ್ರಿ, ಭಾನುವಾರ ಗುರಿಮೈದಾನದ ತೀರ್ಪುಗಾರ.

ಹಾಗಾಗಿ ಆ ರಿವಾಲ್ವರನ್ನು ಬದಲಿಸಿ ಎಂದು ಭಾವನಿಗೆ ಹೇಳುವುದು ಸುಲಭವಲ್ಲ. ಆದರೂ ಮಾರ್ಚ್‌ನ ಆ ಭಾನುವಾರ ಅಕ್ಕ ಓಫೇಲಿಯಳ ಅಡುಗೆಮನೆಯಲ್ಲಿ ಹೇಳಿದೆ. ಅಕ್ಕ ತೊರ್ತೀಯ ತಟ್ಟಿ ಹಂಚಿಗೆ ಹಾಕುತ್ತಿದ್ದಳು. ನಾನು ಮೇಜಿನ ಮೇಲೆ ಎರಡು ತೋಟಾ ನಿಲ್ಲಿಸಿದೆ. ಒಂದು ಭಾವನದು, ಗಿಡ್ಡ, ದಪ್ಪ. ಇನ್ನೊಂದು ನನ್ನ ಒಂಟಿಗುಂಡಿನ ಪಿಸ್ತೂಲಿನದು. ಸೈನ್ಯದವರ ಚಿಕ್ಕ ರೈಫಲ್ ತೋಟಾದ ಕುತ್ತಿಗೆ ಅಗಲಿಸಿ ಏಳು ಮಿಲಿಮೀಟರಿನ ಉದ್ದ ಗುಂಡು ಕೂರಿಸಿದ್ದು.

"ನಿಮ್ಮ ಗುಂಡು ಹದಿನೈದೂವರೆ ಗ್ರಾಮು ಭಾವ. ಇದು ಒಂಬತ್ತೇ. ಆದ್ರೆ ನಿಮ್ಮದು ಮೊಂಡ ಮೂತಿಯದು, ಹೋಗ್ತಾ ಹೋಗ್ತಾ ಗಾಳಿಗೆ ವೇಗ ಕಳ್ಕೊಳ್ಳುತ್ತೆ. ಇದು ಚೂಪು, ಅಷ್ಟು ಕಳ್ಕೊಳ್ಳಲ್ಲ. ತೂಕ, ವೇಗ ಗುಣಿಸಿ ನೋಡ್ದೆ. ನಳಿಗೆ ಬಾಯಲ್ಲಿ ನಿಮ್ಮದೇ ದೊಡ್ಡದು. ಟಗರಿನ ಹತ್ರ ಹೋಗೋ ಹೊತ್ಗೆ ಎರಡೂ ಒಂದೇ."

"ಒಂದೇ ಆದ್ರೆ ನಂದೇ ಇರ್ಲಿ ಬಿಡು."

"ಟಗರಿಗೆ ಒಂದೇ. ಕೈಗೆ ಒಂದೇ ಅಲ್ಲ. ನನ್ನ ಪಿಸ್ತೂಲು ಭಾರ ಜಾಸ್ತಿ, ಒದೆತ ಕಮ್ಮಿ. ನಿಮಗೀಗ ಐವತ್ತೆಂಟು."

"ನಿನ್ನ ಪಿಸ್ತೂಲು ಗಡಿಯಾರ ರಿಪೇರಿಯವ್ರು ಇಟ್ಕೊಳ್ಳೋದು ಕಣೋ. ಒಂದು ಹೊಡಿ, ಮುರಿದು ತೆಗಿ, ಒಂದು ಹಾಕು, ಮುಚ್ಚು. ಟಗರಿಗೇ ಬೇಜಾರಾಗಿ ಮಲಗಿಬಿಡುತ್ತೆ."

ಅಕ್ಕ ಹಂಚಿನ ಮುಂದಿನಿಂದಲೇ ಅಂದಳು: "ಟಗರಿಗೆ ಬೇಜಾರಾದ್ರೆ ನಿಮಗೇನ್ರೀ ನಷ್ಟ? ಮಲಗಿದ್ರೆ ಲೆಕ್ಕ ತಾನೆ?"

ಭಾವ ನಗಲಿಲ್ಲ. ಹೆಸರುಗಳು ಕೆತ್ತಿದ್ದ ಹಿಡಿಯ ಮೇಲೆ ಎಡಗೈ ಇಟ್ಟುಕೊಂಡು, "ಇದನ್ನ ಬಿಟ್ಟು ಮೈದಾನಕ್ಕೆ ಹೋದ್ರೆ ದೆಲ್ಫೀನೊ ಏನಂದ್ಕೋತಾನೆ" ಎಂದರು. ಎಡಗೈ ಎನ್ನುವುದು ಆಗ ನನಗೆ ಕಂಡಿತ್ತು, ಮುಖ್ಯ ಅನ್ನಿಸಿರಲಿಲ್ಲ.

ಭಾವನ ಗುಂಡುಗಳೆಲ್ಲ ಗುರಿಗಿಂತ ಕೆಳಗೆ ತಾಗುವುದಕ್ಕೆ ನನಗೆ ಗೊತ್ತಿದ್ದ ಕಾರಣ ಒಂದೇ, ಬೆಚ್ಚುವುದು. ಒದೆತದ ನೋವನ್ನು ನೆನೆದು ಕೈ ಮುಂಚೆಯೇ ಬಿಗಿಯಾಗಿ ನಳಿಗೆಯನ್ನು ತಗ್ಗಿಸುತ್ತದೆ. ಇದನ್ನು ಪರೀಕ್ಷಿಸುವ ಬಗೆಯೊಂದಿದೆ. ನೋಡಿ ಹೇಳುವವನು ಹೊಡೆಯುವವನಿಗೆ ತಿಳಿಸದೆ ತುಂಬಿದ ತೋಟಾಗಳ ನಡುವೆ ಒಂದು ಖಾಲಿ ತೋಟಾ ಸೇರಿಸುತ್ತಾನೆ. ಖಾಲಿಯ ಮೇಲೆ ಸುತ್ತಿಗೆ ಬಿದ್ದಾಗ ಒದೆತವಿರುವುದಿಲ್ಲ. ಬೆಚ್ಚುವವನ ನಳಿಗೆ ಆಗ ಸುಮ್ಮಸುಮ್ಮನೆ ತಗ್ಗುತ್ತದೆ, ಎಲ್ಲರೂ ನೋಡುವಂತೆ.

ಏಪ್ರಿಲ್‌ನ ಒಂದು ಶನಿವಾರ, ಕುಲುಮೆಯ ಕಸ ಸುರಿದು ಎದ್ದ ಕಿಟ್ಟದ ಗುಡ್ಡದ ಹಿಂದಿನ ಮೈದಾನಕ್ಕೆ ಇಬ್ಬರೇ ಹೋದೆವು. ಭಾವ ಎಂದಿನಂತೆ ಬೆನ್ನ ಮೇಲೆ ಮಲಗಿ, ಮಂಡಿ ಎತ್ತಿ, ರಿವಾಲ್ವರನ್ನು ಕಾಲಿಗೆ ಆನಿಸಿದರು. ಐದರಲ್ಲಿ ನಾಲ್ಕನೆಯದನ್ನು ಖಾಲಿ ಇಟ್ಟಿದ್ದೆ. ಮೂರು ಗುಂಡು ಹಾರಿದವು. ನಾಲ್ಕನೆಯದಕ್ಕೆ ಟಿಕ್ ಎಂದಿತು. ನಳಿಗೆ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಭಾವ ತಲೆ ತಿರುಗಿಸಿ ನನ್ನನ್ನು ನೋಡಿದರು. "ಕಳ್ಳ. ನನ್ನನ್ನೇ ತಕ್ಕಡಿಗೆ ಹಾಕ್ತೀಯ?"

"ತಪ್ಪಾಯ್ತು ಭಾವ. ಆದ್ರೆ ನೀವು ಬಂಡೆ."

"ಹೆದರಿಕೊಂಡಿದ್ದೆ ಅಲ್ವಾ, ಭಾವನಿಗೆ ವಯಸ್ಸಾಯ್ತು ಅಂತ?"

ಹೌದೆಂದೆ. ಅವರು ಖುಷಿಯಾಗಿ ಹೋಗುತ್ತಾ ದಾರಿಯುದ್ದಕ್ಕೂ ಶಿಳ್ಳೆ ಹಾಕಿದರು. ನಾನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ: ಬೆಚ್ಚುವಿಕೆ ಇಲ್ಲ. ಹಾಗಾದರೆ ಗುಂಡೇ ಹಗುರವಾಗಿದೆ. ಕೆಳಗೆ ತಾಗಿದರೂ ಬೀಳಿಸುವಷ್ಟು ಭಾರದ ಗುಂಡು ಬೇಕು.

ಇಪ್ಪತ್ತು ವರ್ಷ ಪ್ರಯೋಗಶಾಲೆಯಲ್ಲಿದ್ದವನು ಮಾಡಬಾರದ ತಪ್ಪು ಅದು. ಒಂದು ಕಾರಣ ಅಲ್ಲವೆಂದು ತಿಳಿದ ಕೂಡಲೆ, ನನಗೆ ಅನುಕೂಲವಾದ ಎರಡನೆಯ ಕಾರಣವನ್ನು ಪರೀಕ್ಷಿಸದೆ ಒಪ್ಪಿಕೊಂಡೆ. ಹದಿನೇಳು ಗ್ರಾಮಿನ ಗುಂಡು ಎರಕ ಹೊಯ್ದೆ. ಮದ್ದನ್ನು ಕೈಪಿಡಿ ಹೇಳುವ ಕೊನೆಯ ಅಂಚಿನವರೆಗೆ ಏರಿಸಿದೆ. ಅದನ್ನು ಹೊಡೆದರೆ ನನ್ನ ಮಣಿಕಟ್ಟು ಎರಡು ದಿನ ನೋಯುತ್ತಿತ್ತು. ಭಾವ ವಾರಕ್ಕೆ ಐವತ್ತು ಹೊಡೆದರು, ಮುಖ ಕಿವುಚದೆ.

ಮೇ ತಿಂಗಳ ಸ್ಪರ್ಧೆಯಲ್ಲಿ ಹತ್ತರಲ್ಲಿ ಒಂಬತ್ತು ಟಗರು ಬಿದ್ದವು. ದೆಲ್ಫೀನೊ ಬಂದು ಅಪ್ಪಿಕೊಂಡು, "ಅಣ್ಣ, ನೀನು ಹೊಡೀತಿದ್ರೆ ಬೆಟ್ಟದಾಚೆ ನಿಜವಾದ ಟಗರುಗಳೂ ಮಲಗಿಬಿಡ್ತವೆ" ಎಂದ.

"ತೋಟಾ ನನ್ನ ಭಾವಮೈದುನಂದು" ಎಂದರು ಭಾವ. "ಅವನ ತಕ್ಕಡಿಗೆ ಒಂದು ಬಿಯರ್ ಕುಡಿಸು."

ನಾನು ಆ ಬಿಯರ್ ಕುಡಿದೆ.

ಜೂನ್ ಬಂತು. ನಮ್ಮ ಕಡೆ ಜೂನ್ ಅಂದರೆ ಮಳೆಗೆ ಮುಂಚಿನ ತಿಂಗಳು, ಬಿಸಿಲಿನಲ್ಲಿಟ್ಟ ಉಕ್ಕನ್ನು ಮುಟ್ಟಲಾಗದ ತಿಂಗಳು. ಮೈದಾನದಲ್ಲಿ ಕೆಡವಿದ ಟಗರನ್ನು ಕೆಡವಿದವನೇ ಹೋಗಿ ಎತ್ತಿ ನಿಲ್ಲಿಸಬೇಕು, ಸೀಸದ ಕಲೆಯ ಮೇಲೆ ಕರಿ ಬಣ್ಣ ಬಳಿಯಬೇಕು. ಬೇರೆ ಊರಿನಿಂದ ಬಂದವರು ಚರ್ಮದ ಕೈಗವಸು ಹಾಕಿಕೊಂಡು ಎತ್ತುತ್ತಾರೆ. ಕುಲುಮೆಯವರು ಹಾಕುವುದಿಲ್ಲ. ಅದು ಕುಲುಮೆಯವರ ಜಂಬ. ಕೊಂಬು ಹಿಡಿದು, ಉಫ್ ಎಂದು ಊದಿಕೊಂಡು, ಕೈ ಬದಲಿಸಿಕೊಂಡು, ಬೈದುಕೊಂಡು ಎತ್ತುತ್ತಾರೆ. ಪ್ರಯೋಗಶಾಲೆಯವನಾದ ನನಗೆ ಮಾತ್ರ ಕೈಗವಸಿಗೆ ವಿನಾಯಿತಿ, ಅದರ ಜೊತೆಗೆ ಒಂದಿಷ್ಟು ಹಾಸ್ಯ.

ಜೂನ್ ಮೊದಲ ಭಾನುವಾರ ಭಾವ ಐದು ಟಗರುಗಳನ್ನು ಬಲಗೈಯೊಂದರಲ್ಲೇ ಕೊಂಬು ಹಿಡಿದು ನಿಧಾನವಾಗಿ ಎತ್ತಿ ನಿಲ್ಲಿಸಿದರು. ಊದಿಕೊಳ್ಳಲಿಲ್ಲ. ಕೈ ಬದಲಿಸಲಿಲ್ಲ. ಸುತ್ತ ನಿಂತವರು ಶಿಳ್ಳೆ ಹೊಡೆದರು.

"ನೋಡ್ರಯ್ಯಾ" ಎಂದ ದೆಲ್ಫೀನೊ, "ಇದು ಹಳೇ ಕಾಲದ ಚರ್ಮ."

ನಾನೂ ನಕ್ಕೆ. ಹಿಂತಿರುಗುವಾಗ ಜೀಪಿನಲ್ಲಿ ಭಾವ ಸಿಗರೇಟು ಹಚ್ಚಲು ಬಲಗೈಯಲ್ಲಿ ಬೆಂಕಿಪೊಟ್ಟಣ ತೆಗೆದರು. ಅದು ಬೆರಳ ಸಂದಿಯಿಂದ ಜಾರಿತು. ಎತ್ತಿಕೊಂಡರು. ಮತ್ತೆ ಜಾರಿತು. ಆಗ ನಾನು ಅವರ ಬೆರಳು ನೋಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರರ ತುದಿಯಲ್ಲೂ ಬಿಳಿ ಬೊಬ್ಬೆ ಎದ್ದಿತ್ತು. ಒಂದು ಒಡೆದು ನೀರು ಇಳಿಯುತ್ತಿತ್ತು. ಭಾವ ಅದನ್ನು ಇನ್ನೂ ನೋಡಿರಲಿಲ್ಲ.

ಜೀಪನ್ನು ರಸ್ತೆ ಬದಿಗೆ ನಿಲ್ಲಿಸಿದೆ. ನನ್ನ ಪುಸ್ತಕದಲ್ಲಿದ್ದ ಎಲ್ಲ ಸಾಲುಗಳೂ ಒಮ್ಮೆಲೇ ಬೇರೆ ಅರ್ಥ ಕೊಡತೊಡಗಿದವು. ನೋವು ಗೊತ್ತಾಗದವನು ಒದೆತಕ್ಕೆ ಯಾಕೆ ಬೆಚ್ಚುತ್ತಾನೆ? ಹಿಡಿ ಗೊತ್ತಾಗದವನ ಕೈಯಲ್ಲಿ ರಿವಾಲ್ವರ್ ಪ್ರತಿ ಸಲ ಒಂದೊಂದು ಥರ ಕೂರುತ್ತದೆ. ಗುಂಡು ಕೆಳಗೆ ಬೀಳುತ್ತದೆ. ನಾನು ಆ ಕೈಗೆ ಇನ್ನಷ್ಟು ಒದೆತ ತೂಗಿ ತೂಗಿ ಕೊಟ್ಟಿದ್ದೆ. ಆಮೇಲೆ ಕ್ರೇನು ನೆನಪಾಯಿತು. ಮೇ ಕೊನೆಯಲ್ಲಿ ಒಂದು ಕೊಪ್ಪರಿಗೆ ಕುಲುಮೆಯ ಅಂಚಿಗೆ ತಾಗಿ ಒಂದು ಬಕೆಟ್ಟಿನಷ್ಟು ತಾಮ್ರ ನೆಲಕ್ಕೆ ಚೆಲ್ಲಿತ್ತು. ಯಾರೂ ಅಲ್ಲಿರಲಿಲ್ಲ. ಕ್ರೇನಿನ ಹಗ್ಗ ಸಡಿಲವಾಗಿದೆ ಎಂದು ಕಾರ್ಖಾನೆಯವರು ಬರೆದುಕೊಂಡಿದ್ದರು.

"ಮನೆಗೆ ಹೋಗೋಣ" ಎಂದಷ್ಟೇ ಹೇಳಿದೆ. ದಾರಿಯಲ್ಲಿ ಪ್ರಯೋಗಶಾಲೆಯ ಹತ್ತಿರ ನಿಲ್ಲಿಸಿ, ನಕ್ಷೆ ಅಳೆಯುವ ಎರಡು ಮುಳ್ಳಿನ ಹಿತ್ತಾಳೆ ಕೈವಾರ ತಂದೆ.

ಅಕ್ಕನ ಮೇಜಿನ ಮುಂದೆ ಭಾವನನ್ನು ಕೂರಿಸಿ ಕಣ್ಣು ಮುಚ್ಚಿಸಿದೆ. ಮೊದಲು ಎಡಗೈ. ಮುಳ್ಳುಗಳ ನಡುವೆ ಮೂರು ಮಿಲಿಮೀಟರ್ ಬಿಟ್ಟು ತೋರುಬೆರಳಿಗೆ ತಾಗಿಸಿದೆ.

"ಒಂದಾ, ಎರಡಾ?"

"ಎರಡು. ಇದೇನೋ ಹುಡುಗಾಟ?"

ಒಂದೇ ಮುಳ್ಳು ತಾಗಿಸಿದೆ. "ಒಂದು" ಎಂದರು. ಹತ್ತು ಸಲದಲ್ಲಿ ಒಂಬತ್ತು ಸರಿಯಾಗಿತ್ತು. ಬಲಗೈಗೆ ಬಂದೆ. ಬೊಬ್ಬೆಯಿಲ್ಲದ ಜಾಗ ಹುಡುಕಿ ಮೂರು ಮಿಲಿಮೀಟರಿಗೆ ತಾಗಿಸಿದೆ. "ಒಂದು." ಐದಕ್ಕೆ "ಒಂದು." ಹತ್ತಕ್ಕೂ "ಒಂದು." ಆಮೇಲೆ ಕೈವಾರ ತಾಗಿಸದೆ ಸುಮ್ಮನೆ ಕೇಳಿದೆ.

"ಒಂದು" ಎಂದರು ಭಾವ.

ಅಕ್ಕ ಒಲೆ ಆರಿಸಿ ಬಂದು ನಿಂತಳು. ಹುರಳಿಕಾಯಿ ಬೀಜದ ಪಾತ್ರೆಯಿಂದ ಇನ್ನೂ ಹಬೆ ಏಳುತ್ತಿತ್ತು. ಭಾವ ಕಣ್ಣು ತೆರೆದು ನಮ್ಮಿಬ್ಬರ ಮುಖ ನೋಡಿದರು.

"ಕ್ರಿಸ್‌ಮಸ್‌ನಿಂದ ಇವರ ಅಂಗಿ ಗುಂಡಿ ಹಾಕ್ತಿರೋಳು ನಾನು" ಎಂದಳು ಅಕ್ಕ, ನನಗೆ. "ಬೆಳಿಗ್ಗೆ ಬಂದು ಎದುರಿಗೆ ನಿಲ್ಲೋರು. ಮೂವತ್ತು ವರ್ಷ ಆದ್ಮೇಲೆ ಪ್ರೀತಿ ಬಂತು ಅಂದ್ಕೊಂಡೆ ಕಣೋ." ಆಮೇಲೆ ಗಂಡನ ಬಲಗೈ ಹಿಡಿದುಕೊಂಡು ಕೇಳಿದಳು: "ಇದು ಗೊತ್ತಾಗುತ್ತೇನ್ರೀ?"

"ಕಿರುಬೆರಳಿಗೆ ಗೊತ್ತಾಗುತ್ತೆ" ಎಂದರು ಭಾವ.

ಕೇಳಬೇಕಾದ್ದನ್ನು ನಾನೇ ಕೇಳಬೇಕಿತ್ತು.

"ಕ್ರೇನಿನ ಸನ್ನೆಕೋಲು ಹೇಗೆ ನಡೆಸ್ತೀರಿ ಭಾವ?"

"ಕಣ್ಣಲ್ಲಿ."

"ಅಂದ್ರೆ?"

"ಮುಂಚೆ ಕೈಗೇ ತಿಳೀತಿತ್ತು, ಎಷ್ಟು ಹಲ್ಲು ಸರೀತು ಅಂತ. ಈಗ ಕೆಳಗೆ ನೋಡಿ ಎಣಿಸ್ತೀನಿ."

"ಅದನ್ನ ನೋಡ್ತಿರುವಾಗ ಕೊಪ್ಪರಿಗೆ ಯಾರು ನೋಡ್ತಾರೆ?"

ಭಾವ ಎದ್ದು ಹೋಗಿ ಹಿತ್ತಲ ಬಾಗಿಲಲ್ಲಿ ನಿಂತರು. ಅಲ್ಲಿಂದ ಕಾರ್ಖಾನೆಯ ಚಿಮಣಿ ಕಾಣುತ್ತದೆ.

"ನೀನು ಹೋಗಿ ಹೇಳ್ತೀಯ?" ಎಂದರು, ತಿರುಗದೆ.

"ನೀವು ಹೇಳದಿದ್ರೆ ಹೇಳ್ತೀನಿ."

"ಹೇಳು ನೋಡೋಣ. ಆರು ಜನರ ಹೆಸರು ಇದೆ ನನ್ನ ಹತ್ರ. ನಿನ್ನ ಹೆಸರು ಇಲ್ಲ ಅದರಲ್ಲಿ."

"ಅದಕ್ಕೇ ನಾನು ಹೇಳಬಹುದು" ಎಂದೆ. "ನಾಳೆಯಿಂದ ನೀವು ಮೇಲೆ ಹತ್ತಬಾರದು. ಕೈ ನೋವು ಅಂತ ರಜೆ ಬರೀರಿ. ಬೊಬ್ಬೆ ಇದೆಯಲ್ಲ, ಸುಳ್ಳಾಗಲ್ಲ. ಆದ್ರೆ ಬೊಬ್ಬೆ ಎರಡು ವಾರಕ್ಕೆ ವಾಸಿಯಾಗುತ್ತೆ. ಅಷ್ಟರಲ್ಲಿ ನಿಜ ಹೇಳ್ಬೇಕು."

ಅವರು ರಜೆ ಬರೆದರು. ನನ್ನ ಜೊತೆ ಹತ್ತು ದಿನ ಮಾತು ಬಿಟ್ಟರು. ಅಕ್ಕ ಅವರನ್ನು ಟೂಸಾನಿನ ವೈದ್ಯರ ಬಳಿ ಕರೆದುಕೊಂಡು ಹೋದಳು. ಮಣಿಕಟ್ಟಿನ ನರ ನಜ್ಜಾಗಿದೆ, ಮೂವತ್ತು ವರ್ಷದ ಸನ್ನೆಕೋಲಿನ ಅದುರು ಅರ್ಧ, ರಿವಾಲ್ವರ್ ಅರ್ಧ. ಕೊಯ್ದು ನೋಡಬಹುದು, ಸ್ಪರ್ಶ ಮರಳುವ ಭರವಸೆ ಕೊಡಲಾರೆ, ಎಂದರಂತೆ ವೈದ್ಯರು. ಹದಿನೇಳು ಗ್ರಾಮಿನ ಗುಂಡು ಆ ಅರ್ಧದಲ್ಲಿ ಎಷ್ಟು ಪಾಲು ಎಂದು ಅವರು ಹೇಳಲಿಲ್ಲ. ನಾನು ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ. ಎರಕದ ಅಚ್ಚನ್ನು ಕಿಟ್ಟದ ಗುಡ್ಡಕ್ಕೆ ಎಸೆದು ಬಂದೆ.

ಹನ್ನೊಂದನೆಯ ದಿನ ಭಾವ ಪ್ರಯೋಗಶಾಲೆಯ ಬಾಗಿಲಿಗೆ ಬಂದರು.

"ತಕ್ಕಡಿ, ನಿನ್ನ ಗಡಿಯಾರ ರಿಪೇರಿ ಪಿಸ್ತೂಲು ಎಡಗೈಲಿ ಹೊಡಿಬೋದಾ?"

"ಹೊಡಿಬೋದು. ಅದರ ಬೀಗ ನಡುವೆ ಇದೆ, ಯಾವ ಕೈಯಾದ್ರೂ ಒಂದೇ."

"ಟಗರು ಬೀಳ್ತವಾ?"

"ತಾಗಿದ್ರೆ ಬೀಳ್ತವೆ. ಭುಜದ ಹತ್ರ ತಾಗಬೇಕು."

"ಭಾನುವಾರ ತಗೊಂಡು ಬಾ" ಎಂದು ಹೋದರು. ಬೊಬ್ಬೆಗಳು ಒಣಗಿದ್ದವು. ಸೋಮವಾರ ಅವರ ರಜೆ ಮುಗಿಯುತ್ತಿತ್ತು. ಅವರೇನು ನಿರ್ಧರಿಸಿದ್ದಾರೆಂದು ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವಾಗಲಿಲ್ಲ. ಸೋಮವಾರ ಬೆಳಿಗ್ಗೆ ಅವರು ಏಣಿ ಹತ್ತಿದರೆ ನಾನು ದೆಲ್ಫೀನೊನ ಬಾಗಿಲು ತಟ್ಟುವುದು ಖಚಿತವಾಗಿತ್ತು. ಆಮೇಲೆ ಅಕ್ಕನ ಮನೆಗೆ ನಾನು ಮತ್ತೆ ಹೋಗುವಂತಿರಲಿಲ್ಲ.

ಭಾನುವಾರ ಭಾವ ರಿವಾಲ್ವರನ್ನು ಸೊಂಟಕ್ಕೆ ಕಟ್ಟಿಕೊಂಡೇ ಬಂದರು, ಆದರೆ ಹೊರಗೆ ತೆಗೆಯಲಿಲ್ಲ. ನನ್ನ ಪಿಸ್ತೂಲು ತೆಗೆದುಕೊಂಡು ಎಡಬದಿಗೆ ವಾಲಿ ಮಲಗಿದರು. ದೆಲ್ಫೀನೊ ಕೂಗಿದ: "ಇದೇನಣ್ಣ, ನಮಗೆಲ್ಲ ಒಂದು ಅವಕಾಶ ಕೊಡೋಣ ಅಂತಾನಾ?"

"ನೀನು ಟೈಮು ನೋಡ್ಕೊಳ್ಳಪ್ಪ" ಎಂದರು ಭಾವ.

ಕೋಳಿಯಲ್ಲಿ ಮೂರು ಬಿದ್ದವು. ಹಂದಿಯಲ್ಲಿ ಐದು, ಟರ್ಕಿಯಲ್ಲಿ ಒಂದು. ಮುಂಚೆಯಾಗಿದ್ದರೆ ನಗುತ್ತಿದ್ದವರು ನಗಲಿಲ್ಲ. ಏನೋ ಇದೆಯೆಂದು ಅವರಿಗೂ ಅನ್ನಿಸತೊಡಗಿತ್ತು. ಟಗರುಗಳಿಗೆ ಬಂದಾಗ ನಾನು ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ.

"ಎಲ್ಲಿ?"

"ಬೆನ್ನ ಮೇಲೆ ಹೋಯ್ತು. ಒಂದು ಗೇಣು ಕೆಳಗೆ ತನ್ನಿ."

"ಎಲ್ಲಿ?"

"ಕೊಂಬಿನ ಮುಂದೆ ಅಡ್ಡಕ್ಕೆ ಹೋಯ್ತು. ಒಂಚೂರು ಎಡಕ್ಕೆ ತನ್ನಿ."

ಮೂರನೆಯದು ಭುಜಕ್ಕೆ ತಾಗಿತು. ಟಗರು ಒಂದು ಕ್ಷಣ ಯೋಚಿಸಿದಂತೆ ನಿಂತು ಹಿಂದಕ್ಕೆ ಉರುಳಿತು. ಸದ್ದು ಆಮೇಲೆ ಬಂತು. ಹತ್ತು ಗುಂಡಿಗೆ ಬಿದ್ದದ್ದು ಎರಡು.

ಎಲ್ಲರೂ ಪಿಸ್ತೂಲುಗಳನ್ನು ಮೇಜಿಗಿಟ್ಟ ಮೇಲೆ ದೆಲ್ಫೀನೊ ಹಸಿರು ಬಾವುಟ ಎತ್ತಿದ. ಇನ್ನೂರು ಮೀಟರ್ ನಡೆದುಕೊಂಡು ಹೋದೆವು. ಹನ್ನೆರಡು ಗಂಟೆಯ ಬಿಸಿಲು. ಕುಲುಮೆಯವರು ಊದಿಕೊಂಡು, ಬೈದುಕೊಂಡು ತಮ್ಮ ತಮ್ಮ ಟಗರು ಎತ್ತತೊಡಗಿದರು. ಭಾವ ತಮ್ಮದರ ಮುಂದೆ ನಿಂತರು. ಬಗ್ಗಲಿಲ್ಲ. ದೆಲ್ಫೀನೊ ಬಣ್ಣದ ಡಬ್ಬಿ ಹಿಡಿದು ಎರಡು ಹೆಜ್ಜೆ ದೂರದಲ್ಲಿದ್ದ.

"ಎವೇಲಿಯೊ" ಎಂದರು ಭಾವ. ಅವರು ನನ್ನನ್ನು ಹೆಸರು ಹಿಡಿದು ಕರೆಯುವುದು ಅಪರೂಪ. "ನಿನ್ನ ಕೈಗವಸು ಕೊಡು."

ಪಕ್ಕದ ಟಗರು ಎತ್ತುತ್ತಿದ್ದವನು ಅದನ್ನು ಅರ್ಧಕ್ಕೇ ಇಳಿಸಿದ. ನಾನು ಬಲಗೈಯ ಗವಸು ಕಳಚಿ ಕೊಟ್ಟೆ. ಭಾವ ಅದನ್ನು ಹಾಕಿಕೊಳ್ಳಲು ನೋಡಿದರು. ಹೆಬ್ಬೆರಳು ದಾರಿ ಸಿಗದೆ ಮಡಚಿಕೊಂಡಿತು. ಕೈ ನನ್ನ ಕಡೆ ಚಾಚಿದರು. ನಾನು ಒಂದೊಂದೇ ಬೆರಳನ್ನು ಒಳಗೆ ಸೇರಿಸಿದೆ.

"ಬಿಗಿಯಾಯ್ತಾ ಭಾವ?"

"ಗೊತ್ತಾಗಲ್ಲ. ನೀನೇ ನೋಡಿ ಹೇಳು."

ಇದನ್ನು ಅವರು ದನಿ ತಗ್ಗಿಸದೆ ಹೇಳಿದರು. ದೆಲ್ಫೀನೊ ಡಬ್ಬಿ ನೆಲಕ್ಕಿಟ್ಟ. ಅವನೂ ಇಪ್ಪತ್ತು ವರ್ಷ ಕ್ರೇನಿನ ಕೆಳಗೆ ಓಡಾಡಿದವನು, ಬಿಡಿಸಿ ಹೇಳಬೇಕಿರಲಿಲ್ಲ.

"ಯಾವಾಗಿಂದ ಅಣ್ಣ?"

"ಕ್ರಿಸ್‌ಮಸ್‌ನಿಂದ. ಆವತ್ತು ಚೆಲ್ಲಿದ್ದು ಹಗ್ಗದಿಂದ ಅಲ್ಲ ಕಣೋ. ನನ್ನಿಂದ." ಭಾವ ಸೊಂಟದಿಂದ ರಿವಾಲ್ವರ್ ತೆಗೆದರು. ಗುಂಡಿನ ಮನೆ ತೆರೆದು, ಖಾಲಿಯಾಗಿದೆಯೆಂದು ತೋರಿಸಿ, ಹಿಡಿಯನ್ನು ಮುಂದೆ ಮಾಡಿದರು. "ನಾಳೆ ನಾನು ಹತ್ತಲ್ಲ. ಇದು ನೀವು ಆರು ಜನ ಕ್ರೇನಿನವನಿಗೆ ಕೊಟ್ಟಿದ್ದು. ಇಟ್ಕೊ."

ದೆಲ್ಫೀನೊ ಹಿಡಿಯ ಮೇಲಿನ ಹೆಸರುಗಳನ್ನು ನೋಡುತ್ತಾ ನಿಂತ. ಅವರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು, ಹಾಸಿಗೆಯಲ್ಲಿ, ಮಕ್ಕಳ ನಡುವೆ. ಅವನು ರಿವಾಲ್ವರ್ ತೆಗೆದುಕೊಳ್ಳಲಿಲ್ಲ. ಭಾವನ ಸೊಂಟಪಟ್ಟಿಯ ಒರೆಯೊಳಕ್ಕೆ ತಾನೇ ಅದನ್ನು ವಾಪಸು ಸೇರಿಸಿ ಗುಂಡಿ ಹಾಕಿದ.

"ನಾಳೆ ಬೆಳಿಗ್ಗೆ ಏಳಕ್ಕೆ ನನ್ನ ಆಫೀಸಿಗೆ ಬಾ" ಎಂದ. "ಚೆಲ್ಲಿದ್ದನ್ನ ಬರ್ಕೋಬೇಕು. ಕ್ರೇನು ಹತ್ತೋ ಹೊಸಬನಿಗೆ ಕೆಳಗೆ ನಿಂತು ನೋಡಿ ಹೇಳೋರೂ ಬೇಕು."

"ಬರ್ತೀನಿ" ಎಂದರು ಭಾವ.

ಆಮೇಲೆ ಅವರು ಬಗ್ಗಿ, ಗವಸಿದ್ದ ಕೈಯಿಂದ ಕೊಂಬು ಹಿಡಿದರು. ಹಿಡಿತ ಬಿದ್ದಿದೆಯೇ ಎಂದು ನನ್ನ ಮುಖ ನೋಡಿದರು.

"ಬಿದ್ದಿದೆ ಭಾವ" ಎಂದೆ. "ಎತ್ತಿ."